ಚೌಡಿಕಿ ಜೊತೆ ಡ್ರಮ್ಸ್ ನಡೀಲಿ

ಓದುಗರ ಪ್ರಶ್ನೆ, ಪೇಟಿ ಮಾಸ್ತರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಇದ್ದದ್ದು ಬ್ಯಾಂಡ್ ಮತ್ತು ಆಲ್ಬಮ್ ಮಾತು. ಬಳ್ಳಾರಿಯ ಒಂದು ಹೊಸ ಬ್ಯಾಂಡ್ ತಮ್ಮ ಮೊದಲ ಆಲ್ಬಮ್‌ನ ಡೆಮೊವನ್ನೇ ಕಳಿಸಿಕೊಟ್ಟಿದೆ. ಹಾಗಾಗಿ ತಬಲಾ ಪರೀಕ್ಷೆ, ಸುಗಮ ಸಂಗೀತದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಈ ಪುಟವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮಾಸ್ತರೇ, ನಾವು ಐದು ಜನ, ಒಂದೇ ಕಾಲೇಜಿನಲ್ಲಿ ಓದಿದವರು. ಮೊದಲ ಆಲ್ಬಮ್ ಮಾಡ್ತಾ ಇದ್ದೇವೆ. ಒಟ್ಟು ಎಂಟು ಹಾಡು. ಐದು ಕನ್ನಡ, ಒಂದು ತೆಲುಗು–ಕನ್ನಡ, ಒಂದು ಉರ್ದು, ಕೊನೆಯದರಲ್ಲಿ ಮೂರೂ ಸೇರಿವೆ. ರಾಕ್ ಇದೆ, ಜಾನಪದ ಇದೆ, ಖವ್ವಾಲಿ ಇದೆ, ಜಮೈಕಾದ ರೆಗ್ಗೆ ಕೂಡ ಇದೆ. ಕೇಳಿದವರೆಲ್ಲ ‘ಇದು ಕಲಬೆರಕೆ, ಒಂದು ದಾರಿ ಹಿಡೀರಿ’ ಅಂತಾರೆ. ನಮ್ಮಲ್ಲೇ ಇಬ್ಬರು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸೋಣ ಅಂತಿದ್ದಾರೆ. ಏನು ಮಾಡೋಣ? (ಬಳ್ಳಾರಿ)

ತಮ್ಮಂದಿರೇ, ಡೆಮೊ ಮೂರು ಸಲ ಕೇಳಿದೆ. ಎರಡು ಸಲ ರಾತ್ರಿ ಹೆಡ್‌ಫೋನ್ ಹಾಕಿಕೊಂಡು. ಇನ್ನೊಂದು ಸಲ ಬೆಳಗ್ಗೆ ಅಡುಗೆಮನೆಯ ಕಟ್ಟೆ ಮೇಲೆ ಮೊಬೈಲ್ ಇಟ್ಟು, ಒಗ್ಗರಣೆ ಸದ್ದಿನ ನಡುವೆ. ಮನೆಯಲ್ಲಿ ಜನ ಹಾಡು ಕೇಳೋದು ಹಾಗೇ ಅಲ್ವಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಭಾಷೆ ಕಡಿಮೆ ಮಾಡಬೇಡಿ. ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿದರೆ ನಿಮ್ಮ ಮೂರನೇ ಹಾಡು ಸತ್ತೇ ಹೋಗುತ್ತದೆ.

ಆ ಹಾಡು ನಿಮ್ಮ ಡ್ರಮ್ಮರ್‌ನ ತಂದೆಯದು ಅಂತ ಬರೆದಿದ್ದೀರಿ. ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಕೆಲಸ. ಮನೆಗೆ ಬಂದು ಮಗನ ಹತ್ತಿರ ತೆಲುಗಿನಲ್ಲಿ ಮಾತಾಡ್ತಾರೆ, ಮಗ ಕನ್ನಡದಲ್ಲಿ ಉತ್ತರ ಕೊಡ್ತಾನೆ. ಬೆರಳಿಗೆ ಹತ್ತಿದ ನೀಲಿ ಬಣ್ಣ ಅನ್ನ ಕಲಸುವಾಗಲೂ ಬಿಡಲ್ಲ ಅಂತ ಒಂದು ಸಾಲು ಬರುತ್ತದಲ್ಲ, ಅಲ್ಲಿ ನಾನು ಹಾಡು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹಿಂದೆ ಡ್ರಮ್ಸ್ ಸೆಟ್ಟಿನ ಹೈ-ಹ್ಯಾಟ್ ತಾಳದ ಮೇಲೆ ಹೊಲಿಗೆ ಯಂತ್ರದ ಓಟ ತಂದಿದ್ದೀರಿ. ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ, ಬಟ್ಟೆ ತಿರುಗಿಸುವಾಗ ನಿಂತ ಹಾಗೆ. ಅಲ್ಲಿ ತೆಲುಗನ್ನು ಯಾರೂ ಎಲ್ಲಿಂದಲೋ ತಂದು ಹಚ್ಚಿಲ್ಲ. ಅದು ಅಪ್ಪನ ಬಾಯಿ. ಅಪ್ಪನ ಮಾತನ್ನು ಮಗನ ಭಾಷೆಗೆ ತಿರುಗಿಸಿದರೆ ಮನೆಯಲ್ಲಿ ಒಬ್ಬರೇ ಉಳಿದ ಹಾಗಾಗುತ್ತದೆ.

ಐದನೇ ಹಾಡಿನ ಉರ್ದು ಬಗ್ಗೆ ನನಗೆ ತಕರಾರಿದೆ. ಇಶ್ಕ್, ಜುನೂನ್, ಖ್ವಾಬ್, ತನ್ಹಾಯಿ. ಎಲ್ಲ ಒಳ್ಳೆಯ ಶಬ್ದಗಳೇ. ಆದರೆ ನಿಮ್ಮ ಬೇಸ್ ಗಿಟಾರ್ ಹುಡುಗ ಕೌಲ್ ಬಜಾರ್‌ನವನು. ಅವನ ಮನೆಯಲ್ಲಿ ಅಜ್ಜಿ ಹೀಗೆ ಮಾತಾಡ್ತಾರಾ? ಅಲ್ಲಿ ‘ನಕ್ಕೋ’ ಇದೆ, ‘ಹೌ’ ಇದೆ, ‘ಕಾಯ್ಕು’ ಇದೆ. ನಮ್ಮ ಕಡೆಯ ಆಡುಮಾತಿನ ಉರ್ದು, ದಖನಿ ಅದು. ಆ ಮಾತಿಗೆ ಎಷ್ಟು ಸಲುಗೆ, ಎಷ್ಟು ಅಂತಃಕರಣ ಇದೆ ಅಂತ ಬಳ್ಳಾರಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಅಜ್ಜಿ ಮುಂದೆ ಕೂತು ಆ ಹಾಡನ್ನು ಇನ್ನೊಮ್ಮೆ ಬರೆಯಿರಿ. ಎಲ್ಲೋ ಕೇಳಿದ ಸಿನಿಮಾ ಹಾಡಿನ ಶಬ್ದ ಎರವಲು ತಂದರೆ ಅದು ಯಾರ ಹಾಡೂ ಆಗೋದಿಲ್ಲ.

ಕೊನೆಯ ಹಾಡಿನಲ್ಲಿ ಮೂರು ಭಾಷೆಗೂ ಒಂದೊಂದು ನುಡಿ ಹಂಚಿದ್ದೀರಿ. ಆದರೆ ಮೂರರಲ್ಲೂ ಹೇಳಿರೋದು ಒಂದೇ ಮಾತು. ರೈಲ್ವೆ ಸ್ಟೇಷನ್‌ನಲ್ಲಿ ಗಾಡಿ ಬರೋದನ್ನು ಮೂರು ಸಲ ಹೇಳ್ತಾರಲ್ಲ, ಹಾಗೆ ಕೇಳಿಸ್ತು. ಒಬ್ಬರು ಕೇಳಲಿ, ಇನ್ನೊಬ್ಬರು ಉತ್ತರ ಕೊಡಲಿ, ಮೂರನೆಯವರು ನಡುವೆ ಬಾಯಿ ಹಾಕಲಿ. ತರಕಾರಿ ಮಾರ್ಕೆಟ್‌ನಲ್ಲಿ ಬೆಳಗ್ಗೆ ಆರು ಗಂಟೆಗೆ ಹೋಗಿ ನಿಂತು ನೋಡಿ. ರೇಟು ಕೇಳೋದು ತೆಲುಗಿನಲ್ಲಿ, ಬೈಯೋದು ಕನ್ನಡದಲ್ಲಿ, ಕೊನೆಗೆ ಒಪ್ಪಿಕೊಳ್ಳೋದು ದಖನಿಯಲ್ಲಿ. ಅಲ್ಲಿ ಯಾರೂ ಯಾರ ಮಾತನ್ನೂ ಅನುವಾದ ಮಾಡಲ್ಲ.

ನಾನು ಪ್ರತಿ ಹಾಡಿಗೂ ಕೇಳೋದು ಒಂದೇ ಪ್ರಶ್ನೆ: ಈ ಮಾತನ್ನು ಯಾರು ಯಾರಿಗೆ ಹೇಳ್ತಿದ್ದಾರೆ? ಉತ್ತರ ಸಿಕ್ಕರೆ ಭಾಷೆ ತಾನಾಗಿ ಗೊತ್ತಾಗುತ್ತದೆ.

‘ಕಲಬೆರಕೆ’ ಅಂದವರಿಗೆ ಒಂದು ಮಾತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು, ಆಮೇಲೆ ಹೈದರಾಬಾದ್ ರಾಜ್ಯದಲ್ಲಿ. 1956ರ ನವೆಂಬರ್ 1ಕ್ಕೆ ಎಲ್ಲ ಒಟ್ಟಾದೆವು. ಗಡಿ ಅತ್ತಿತ್ತ ಆಗಿರಬಹುದು, ನಾಲಿಗೆ ಮೇಲಿದ್ದ ಮಾತು ಎಲ್ಲಿಗೆ ಹೋಗುತ್ತೆ? ಈ ಊರಿನ ಹೆಸರನ್ನೇ ತನ್ನ ಹೆಸರಿಗೆ ಹಚ್ಚಿಕೊಂಡ ನಟ ಬಳ್ಳಾರಿ ರಾಘವ (1880–1946) ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಟಕಗಳಲ್ಲಿ ಅಭಿನಯಿಸಿದವರು. ಅವರ ಹೆಸರಿನ ರಂಗಮಂದಿರದ ಮುಂದೆ ನೀವು ದಿನಾ ಓಡಾಡ್ತೀರಿ. ದರೋಜಿಯ ಬುರ್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡರು. ಬುಡ್ಗ ಜಂಗಮರ ಮನೆಯ ಹೆಣ್ಣುಮಗಳು. ಆ ಸಮುದಾಯದ ಮನೆಮಾತು ತೆಲುಗು, ಆದರೆ ಆಕೆ ಕುಮಾರರಾಮನ ಕಥೆಯಂತಹ ದೊಡ್ಡ ದೊಡ್ಡ ಕಥೆಗಳನ್ನು ಕನ್ನಡದಲ್ಲಿ ರಾತ್ರಿಯಿಡೀ ಹಾಡುತ್ತಿದ್ದರು. ಅವರಿಗೆ ಓದು ಬರಹ ಇರಲಿಲ್ಲ, ಎಲ್ಲ ಕಂಠದಲ್ಲೇ ಇತ್ತು. ಆ ಕಥೆಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕ ಮಾಡಿದೆ. ನೀವು ಹೊಸದಾಗಿ ಬೆರಕೆ ಮಾಡ್ತಿಲ್ಲ. ಊರಲ್ಲಿ ಇದ್ದದ್ದನ್ನು ಗಿಟಾರ್ ಮೇಲೆ ತರ್ತಿದ್ದೀರಿ.

ಇನ್ನು ವಾದ್ಯಗಳು. ಖವ್ವಾಲಿ–ರೆಗ್ಗೆ ಹಾಡು ನನಗೆ ಬಹಳ ಹಿಡಿಸಿತು, ಆದರೆ ಅದರಲ್ಲಿ ಜಾಗ ಸಾಲ್ತಿಲ್ಲ. ಖವ್ವಾಲಿ ಚಪ್ಪಾಳೆ ತಾಳದ ಏಟಿನ ಮೇಲೆ ಬೀಳುತ್ತದೆ. ರೆಗ್ಗೆ ಗಿಟಾರ್ ಬೀಳೋದು ಎರಡು ಏಟಿನ ನಡುವೆ. ಅಂದ್ರೆ ಒಂದು ಬಿಟ್ಟ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ, ಹಲ್ಲಿಗೆ ಹಲ್ಲು ಕೂಡಿದ ಹಾಗೆ. ರೆಗ್ಗೆಯ ಒಂದು ಹಳೇ ಪದ್ಧತಿಯಲ್ಲಿ ಡ್ರಮ್ಸ್ ಮೊದಲ ಏಟನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಭಾರ ಹಾಕ್ತಾರೆ. ನೀವು ಮೊದಲ ಏಟಿಗೂ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಹಾಕಿ ಆ ಖಾಲಿ ಜಾಗ ತುಂಬಿಬಿಟ್ಟಿದ್ದೀರಿ. ಅದನ್ನು ತೆಗೀರಿ. ಅಲ್ಲಿ ಚಪ್ಪಾಳೆ ಒಂದೇ ಇರಲಿ. ಎರಡು ಪದ್ಧತಿಯೂ ಒಂದನ್ನೊಂದು ತಳ್ಳದೆ ನಿಲ್ಲುತ್ತವೆ.

ಎರಡನೇ ಹಾಡಿನ ಚೌಡಿಕಿ ಲ್ಯಾಪ್‌ಟಾಪಿನಿಂದ ಬಂದದ್ದು. ಅದು ಗೊತ್ತಾಗುತ್ತದೆ. ಪ್ರತಿ ಏಟೂ ಅಚ್ಚು ಒತ್ತಿದ ಹಾಗೆ ಒಂದೇ ಥರ. ದಯವಿಟ್ಟು ಬಾರಿಸುವವರನ್ನು ಕರೆಸಿ. ಹುಲಿಗಿಗೆ ಹೋದರೆ, ಮರಿಯಮ್ಮನಹಳ್ಳಿಗೆ ಹೋದರೆ ಜೋಗತಿಯರು ಸಿಗ್ತಾರೆ. ಕರೆಸುವಾಗ ಬಸ್ ಚಾರ್ಜ್, ಊಟ, ಸಂಭಾವನೆ ಮೊದಲೇ ಮಾತಾಡಿ ಕೈಗೆ ಕೊಡಿ.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ರೆಕಾರ್ಡಿಂಗ್ ರೂಮಿಗೆ ಇನ್ನೊಂದು ಬ್ಯಾಂಡಿನ ಹುಡುಗರು ವಯಸ್ಸಾದ ಒಬ್ಬ ಜೋಗತಿಯನ್ನು ಕರಕೊಂಡು ಬಂದಿದ್ದರು. ನಾನು ಎಲ್ಲರಿಗೂ ಮಾಡುವ ಹಾಗೆ ಆಕೆಗೂ ಹೆಡ್‌ಫೋನ್ ಹಾಕಿ ಕ್ಲಿಕ್ ಕೊಟ್ಟೆ. ಕ್ಲಿಕ್ ಅಂದ್ರೆ ಗಡಿಯಾರದ ಹಾಗೆ ಟಿಕ್ ಟಿಕ್ ಅಂತ ಲಯ ಹೇಳುವ ಸದ್ದು. ಚೌಡಿಕಿ ನೋಡಿದ್ದೀರಲ್ಲ? ಕೊಳಗದಂತಹ ಮರ, ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟ ತಂತಿ. ಎಡ ಕಂಕುಳಲ್ಲಿ ಅವುಚಿ ಹಿಡಿದು ಬಲಗೈಯಲ್ಲಿ ತಂತಿ ಮೀಟ್ತಾರೆ. ತಂತಿ ಬಿಗಿ ಮಾಡಿದಂತೆ ದನಿ ಏರುತ್ತದೆ, ಸಡಿಲ ಬಿಟ್ಟಂತೆ ಇಳಿಯುತ್ತದೆ. ಆಕೆ ಎರಡು ಸಾಲು ಹಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ‘ಯಪ್ಪಾ, ಇದು ಹಾಕಿದ್ರ ನನ್ ಚೌಡಿಕಿ ನನಗ ಕೇಳವಲ್ದು. ಇದು ಪಕ್ಕೆಲುಬಿಗೆ ಬಡೀಬೇಕು’ ಅಂದರು.

ನಾನು ಆವತ್ತು ಅರ್ಥ ಮಾಡಿಕೊಳ್ಳಲಿಲ್ಲ. ಹೇಗೋ ಒಪ್ಪಿಸಿ ಕ್ಲಿಕ್ ಮೇಲೇ ಹಾಡಿಸಿದೆ. ಆಮೇಲೆ ಕಂಪ್ಯೂಟರಿನಲ್ಲಿ ಸ್ವರ ತಿದ್ದಿದೆ. ಆಕೆಯ ಗಾಂಧಾರ (‘ಗ’ ಸ್ವರ) ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ನಡುವೆ ನಿಲ್ಲುತ್ತಿತ್ತು. ತಂತ್ರಾಂಶಕ್ಕೆ ಹನ್ನೆರಡು ಮನೆ ಮಾತ್ರ ಗೊತ್ತು. ಅದು ಪ್ರತಿ ಸಲವೂ ಎಳೆದು ಒಂದು ಮನೆಯೊಳಗೆ ಕೂರಿಸಿತು. ಆಕೆಗೆ ಕೇಳಿಸಿದಾಗ ಪೂರ್ತಿ ಕೇಳಿ, ‘ಚಂದ ಆಗ್ಯದ. ಹಾಡಿದವರು ಯಾರು?’ ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ತನ್ನ ದನಿ ಅಂತ ಆಕೆಗೆ ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ.

ಅದು ನನ್ನ ತಪ್ಪು. ಇವತ್ತಿಗೂ ಆ ಫೈಲ್ ನನ್ನ ಹತ್ತಿರ ಇದೆ, ಅಳಿಸಿಲ್ಲ. ಮಾರನೇ ತಿಂಗಳು ಹುಡುಗರು ಮತ್ತೆ ಆಕೆಯನ್ನು ಕರೆಸಿದರು. ಹೆಡ್‌ಫೋನ್ ಇಲ್ಲ, ಕ್ಲಿಕ್ ಇಲ್ಲ. ಬಾಯಿಗೆ ಒಂದು ಮೈಕ್, ಚೌಡಿಕಿಯ ತೆರೆದ ಬಾಯಿಗೆ ಒಂದು ಗೇಣು ದೂರದಲ್ಲಿ ಇನ್ನೊಂದು. ಆಕೆ ಹಾಡುತ್ತಾ ಹಾಡುತ್ತಾ ಲಯ ಏರಿಸಿದರು. ಮೊದಲ ನುಡಿಗೂ ಕೊನೆಯ ನುಡಿಗೂ ಒಳ್ಳೇ ಅಂತರ ಇತ್ತು. ಡ್ರಮ್ಸ್ ಹುಡುಗ ಒಂದು ವಾರ ಆ ರೆಕಾರ್ಡಿಂಗ್ ಕೇಳಿ ಕೇಳಿ, ಆಕೆ ಎಲ್ಲಿ ಉಸಿರು ತಗೊಳ್ತಾರೆ, ಎಲ್ಲಿ ಓಡ್ತಾರೆ ಅಂತ ಬಾಯಿಪಾಠ ಮಾಡಿ, ಆಮೇಲೆ ಬಾರಿಸಿದ. ಡ್ರಮ್ಸ್ ಹೀಗೆ ಮೈಬಿಟ್ಟು ನಡೆದದ್ದನ್ನು ನಾನು ನನ್ನ ರೂಮಿನಲ್ಲಿ ಅದೇ ಮೊದಲು ಕೇಳಿದ್ದು.

ನೀವೂ ಹಾಗೇ ಮಾಡಿ. ಮೊದಲು ನೀವು ಕರೆಸಿದ ಜೋಗತಿಯ ಹಾಡು, ಚೌಡಿಕಿ. ಅದರ ಮೇಲೆ ಬೇಸ್, ಆಮೇಲೆ ಡ್ರಮ್ಸ್, ಗಿಟಾರ್ ಕೊನೆಗೆ. ಡಿಸ್ಟಾರ್ಷನ್ ಹಾಕಿದ, ಅಂದ್ರೆ ದನಿ ಒಡೆದು ಗರ್ಜಿಸುವ ಗಿಟಾರ್ ಹೆಣ್ಣು ದನಿಯ ಜಾಗವನ್ನೇ ತಿನ್ನುತ್ತದೆ. ಆಕೆ ಹಾಡುವಾಗ ಅದನ್ನು ಪೂರ್ತಿ ಸುಮ್ಮನಿರಿಸಿ, ನುಡಿ ಮುಗಿದಲ್ಲಿ ಬಿಡಿ. ಶ್ರುತಿಯೂ ಆಕೆಯದೇ ಇರಲಿ. ಆಕೆ ಕರಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿ) ಹಾಡಿದರೆ ಗಿಟಾರ್‌ನ ನಾಲ್ಕನೇ ಮನೆಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ‘ಎ’ ಹಿಡಿತದಲ್ಲಿ ಬಾರಿಸಿ. ಎರಡು ಮನೆ ನಡುವೆ ಹಾಡಿದರೆ ಗಿಟಾರ್ ತಂತಿ ತಿರುಗಿಸಿಕೊಳ್ಳಿ. ಕಿವಿ ತಿರುಚಿಸಿಕೊಳ್ಳೋದು ಗಿಟಾರಿಗೆ ಕಷ್ಟವಲ್ಲ, ಅರವತ್ತು ವರ್ಷದ ಕಂಠಕ್ಕೆ ಕಷ್ಟ.

ಪ್ರಶ್ನೆ: ನಾನು ಶಿಕ್ಷಕ. ಕನ್ನಡ ನಾಡಿನ ಮಕ್ಕಳು ಆಲ್ಬಮ್ ಮಾಡಿದರೆ ಕನ್ನಡದಲ್ಲೇ ಮಾಡಬೇಕಲ್ಲವೇ? ಮೂರು ನಾಲ್ಕು ಭಾಷೆ ಸೇರಿಸಿದರೆ ಕನ್ನಡಕ್ಕೆ ಇರುವ ಜಾಗವೂ ಹೋಗುತ್ತದೆ. (ಗಂಗಾವತಿ)

ಸರ್, ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಕನ್ನಡವನ್ನು ಮೂಲೆಗೆ ತಳ್ಳಿ ಎರಡು ಸಾಲು ಹಾಡಿಸುವುದಾದರೆ ನಾನೂ ನಿಮ್ಮ ಜೊತೆ ನಿಂತು ಬೇಡ ಅಂತೀನಿ. ಆದರೆ ಬೇರೆ ಭಾಷೆ ಪಕ್ಕದಲ್ಲಿ ಕೂತ ಮಾತ್ರಕ್ಕೆ ಕನ್ನಡ ಸಣ್ಣದಾಗಲ್ಲ. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು. ಅದರಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಜೊತೆಗೆ ಶಿಶುನಾಳ ಶರೀಫರ ಪದಗಳಿದ್ದವು. ಹಿಂದಿ ಹಾಡಿಗಾಗಿ ಆಲ್ಬಮ್ ಹಿಡಿದ ಎಷ್ಟೋ ಜನರ ಕಿವಿಗೆ ಶರೀಫರ ಕನ್ನಡ ಹೊಕ್ಕಿತು. ಅರ್ಥ ಆಗದ ಭಾಷೆಯನ್ನೂ ಜನ ಎದೆಗೆ ಹಚ್ಚಿಕೊಳ್ತಾರೆ. ದೆಹಲಿಯ ಇಂಡಿಯನ್ ಓಷನ್ ಬ್ಯಾಂಡಿನ 2000ರ ಆಲ್ಬಮ್‌ಗೆ ಹೆಸರು ಕೊಟ್ಟ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ. ಭಾಷೆ ಅರಮಾಯಿಕ್. ಕೇಳಿದವರಲ್ಲಿ ಎಷ್ಟು ಜನಕ್ಕೆ ಅರಮಾಯಿಕ್ ಬರುತ್ತೆ ಹೇಳಿ.

ಮತ್ತೆ ನಮ್ಮ ಕಡೆಯ ಮೊಹರಂ ನೋಡಿ. ಮುದಗಲ್ಲಿನ ಮೊಹರಂ ನೋಡೋದಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಹಸನ್ ಹುಸೇನರ ಕಥೆ ಹಳ್ಳಿ ಹಳ್ಳಿಯಲ್ಲಿ ರಿವಾಯತ್ ಪದವಾಗಿ ಕನ್ನಡದಲ್ಲೇ ಹಾಡ್ತಾರೆ, ಹಾಡುವವರಲ್ಲಿ ಹಿಂದೂಗಳೇ ಎಷ್ಟೋ ಜನ. ದೂರದ ಕರ್ಬಲಾದ ಕಥೆಯನ್ನು ಕನ್ನಡ ಒಳಗೆ ಕರೆದುಕೊಂಡಿತಲ್ಲ, ಆ ಧೈರ್ಯ ಇರುವ ಭಾಷೆ ನಮ್ಮದು. ನಿಮ್ಮ ಶಾಲೆಯ ಮಕ್ಕಳಲ್ಲಿ, ಕಾಲುವೆ ನೀರಿನ ಹಿಂದೆ ಬಂದು ನೆಲೆಸಿದವರ ಕ್ಯಾಂಪುಗಳಿಂದ ಬರುವ ತೆಲುಗು ಮಕ್ಕಳೂ ಇರ್ತಾರಲ್ಲ, ಅವರಿಂದ ಒಂದು ಹಾಡು ಕೇಳಿ, ನಿಮ್ಮ ಕನ್ನಡ ಹಾಡೊಂದನ್ನು ಅವರಿಗೆ ಕಲಿಸಿ.

ಪ್ರಶ್ನೆ: ನಾನು ಬ್ಯಾಂಡಿನಲ್ಲಿ ಹಾಡ್ತೀನಿ. ಮನೆಮಾತು ಕನ್ನಡ. ಆಲ್ಬಮ್‌ನಲ್ಲಿ ಒಂದು ತೆಲುಗು, ಒಂದು ಉರ್ದು ಹಾಡು ನನ್ನ ಪಾಲಿಗೆ ಬಂದಿದೆ. ಕನ್ನಡದಲ್ಲಿ ಸಲೀಸಾಗಿ ಬರುವ ಉದ್ದ ಸ್ವರ ಉರ್ದುವಿನಲ್ಲಿ ಬರ್ತಾನೇ ಇಲ್ಲ. ತೆಲುಗು ಹಾಡಿದ್ರೆ ‘ಕನ್ನಡದವರ ಥರ ಇದೆ’ ಅಂತಾರೆ. (ಸಿಂಧನೂರು)

ತಾಯೀ, ಇದು ನಿನ್ನ ಗಂಟಲಿನ ದೋಷ ಅಲ್ಲ. ಭಾಷೆಗಳ ನಡಿಗೆಯೇ ಬೇರೆ ಬೇರೆ. ಕನ್ನಡ ಶಬ್ದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಮನಸು, ನೆನಪು, ಹೊಳೆ, ಮಳೆ. ಸಾಲಿನ ಕೊನೆಗೆ ಬಂದು ಆ ಉಕಾರವನ್ನೋ ಎಕಾರವನ್ನೋ ಎಷ್ಟು ಬೇಕಾದರೂ ಎಳೆಯಬಹುದು. ಉರ್ದುವಿನಲ್ಲಿ ರಾತ್, ಯಾದ್, ಇಂತೆಜಾರ್ ಅಂತ ಬಾಗಿಲು ಮುಚ್ಚಿ ನಿಲ್ಲುತ್ತವೆ. ಕನ್ನಡದ ಅಭ್ಯಾಸದಲ್ಲಿ ನೀನು ಕೊನೆಗೆ ಎಳೆಯಲು ಹೋದರೆ ‘ಯಾದು’ ಆಗುತ್ತೆ, ಇಲ್ಲಾ ದನಿ ಕಟ್ಟುತ್ತೆ. ಉದ್ದವನ್ನು ನಡುವೆಯೇ ಮಾಡು. ‘ಯಾ’ದಲ್ಲೇ ತಿರುಗಾಡು, ಆಲಾಪ ಮಾಡು, ಎಲ್ಲ ಮುಗಿದ ಮೇಲೆ ‘ದ್’ ಅಂತ ಮೆಲ್ಲಗೆ ಬಾಗಿಲು ಹಾಕು. ಒಂದು ವಾರ ಬರೀ ಆ ಒಂದು ಶಬ್ದ ಹಿಡಿದು ಸಾಧನೆ ಮಾಡಿದ್ರೆ ಸಾಕು, ಗಂಟಲಿಗೆ ಒಗ್ಗುತ್ತದೆ.

ತೆಲುಗು ಕೂಡ ನಮ್ಮ ಹಾಗೆ ಸ್ವರದಲ್ಲಿ ಮುಗಿಯುವ ಭಾಷೆ, ಆ ತೊಂದರೆ ಇಲ್ಲ. ಸಿಕ್ಕಿಬೀಳೋದು ‘ಚ’ ‘ಜ’ದಲ್ಲಿ. ಬರೆಯೋದು ‘ಚಾಲಾ’, ಬಾಯಲ್ಲಿ ಬರೋದು ‘ತ್ಸಾಲಾ’ ಅನ್ನುವ ಹಾಗೆ, ನಾಲಿಗೆ ಹಲ್ಲಿನ ಹಿಂದೆ ತಾಕಬೇಕು. ಆದರೆ ‘ಚಿ’ ‘ಚೆ’ ಬಂದಾಗ ನಮ್ಮ ಹಾಗೇ. ನಿಮ್ಮ ತಾಲೂಕಿನಲ್ಲಿ ತುಂಗಭದ್ರಾ ಕಾಲುವೆ ನೀರಿನ ಹಿಂದೆ ಬಂದು ನೆಲೆಸಿದವರ ಕ್ಯಾಂಪುಗಳಿವೆ. ಅಲ್ಲಿನ ಯಾರಾದರೂ ಅಕ್ಕನ ಹತ್ತಿರ ಆ ಸಾಹಿತ್ಯ ಓದಿಸಿ ಮೊಬೈಲ್‌ನಲ್ಲಿ ಹಿಡಿದುಕೋ. ಹಾಡಿಸಬೇಡ, ಓದಿಸು. ಹಾಡಿದ್ರೆ ರಾಗದಲ್ಲಿ ಮಾತು ಮುಚ್ಚಿಹೋಗುತ್ತೆ. ಅಂದ ಹಾಗೆ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಯೂ ಇದೆಯಲ್ಲ, ಅಲ್ಲಿನ ಹಾಡು ನಿಮ್ಮ ಬ್ಯಾಂಡಿನ ಯಾರಾದರೂ ಕೇಳಿದ್ದಾರಾ?

ಇಷ್ಟು ಮಾಡಿದ ಮೇಲೂ ನಿನ್ನ ತೆಲುಗಿನಲ್ಲಿ ಕನ್ನಡದ ವಾಸನೆ ಸ್ವಲ್ಪ ಉಳಿಯುತ್ತೆ. ಉಳೀಲಿ. ನಮ್ಮ ಕಡೆ ಸಂತೆಯಲ್ಲಿ ಕೇಳುವ ತೆಲುಗು ಇರೋದೇ ಹಾಗೆ.

ಇನ್ನೊಂದು ವಿಷಯ. ಹುಡುಗನ ಜೊತೆ ಜೋಡಿ ಹಾಡು ಇದೆ, ಶ್ರುತಿ ಕೂಡ್ತಿಲ್ಲ ಅಂತಲೂ ಬರೆದಿದ್ದೀಯ. ಅವನು ಕರಿ ಒಂದಕ್ಕೆ, ನೀನು ಕರಿ ನಾಲ್ಕಕ್ಕೆ ಹಾಡುವವರಾದರೆ ಅದು ವರ. ಅವನ ಪಂಚಮವೇ ನಿನ್ನ ಷಡ್ಜ. ಒಂದೇ ತಂಬೂರಿ ಇಬ್ಬರಿಗೂ ಸಾಕು. ಅವನ ಕನ್ನಡ ನುಡಿ ‘ಪ’ದ ಮೇಲೆ ನಿಲ್ಲಲಿ, ಅಲ್ಲಿಂದಲೇ ನಿನ್ನ ‘ಸ’ ಎತ್ತಿಕೋ.

ಪ್ರಶ್ನೆ: ಮೊದಲ ಆಲ್ಬಮ್‌ನಲ್ಲಿ ಎಷ್ಟು ಹಾಡಿರಬೇಕು? (ಕೊಪ್ಪಳ)

ನಿಮ್ಮಲ್ಲಿರುವ ಒಳ್ಳೆಯ ಹಾಡು ಎಷ್ಟೋ ಅಷ್ಟು. ಆರಿದ್ದರೆ ಆರು. ಸಂಖ್ಯೆ ತುಂಬಿಸೋಕೆ ಹಾಡು ಮಾಡಬೇಡಿ. ಮುಖಪುಟಕ್ಕೆ ಏನು ಹಾಕೋದು ಅಂತಲೂ ಕೇಳಿದ್ದೀರಿ. ಕಿನ್ನಾಳ ನಿಮ್ಮ ಪಕ್ಕದಲ್ಲೇ ಇದೆ. ಅಲ್ಲಿನ ಚಿತ್ರಗಾರರ ಹತ್ತಿರ ನಿಮ್ಮ ವಾದ್ಯಗಳ ಗೊಂಬೆ ಮಾಡಿಸಿ ಫೋಟೊ ತೆಗೆಸಿ. ಮರದ ಮೇಲೆ ಆ ಕೆಂಪು, ಆ ಹಳದಿ ಬರುವ ಹಾಗೆ ಕಂಪ್ಯೂಟರಿನಲ್ಲಿ ಬರಲ್ಲ.

ಪ್ರಶ್ನೆ: ನನ್ನ ಮಗ ಕ್ಲಾರಿನೆಟ್ ಕಲಿತಿದ್ದಾನೆ. ಗೆಳೆಯರ ಬ್ಯಾಂಡಿನಲ್ಲಿ ದಾಸರ ಪದಕ್ಕೆ ಅದನ್ನು ಬಾರಿಸ್ತಾನೆ. ಮದುವೆ ಮೆರವಣಿಗೆಯ ವಾದ್ಯ, ನಮ್ಮ ಸಂಗೀತಕ್ಕೆ ಒಪ್ಪಲ್ಲ ಅಂತ ಮನೆಯಲ್ಲಿ ಹಿರಿಯರ ಆಕ್ಷೇಪ. (ರಾಯಚೂರು)

ರಾಯಚೂರಿನಿಂದಲೇ ಈ ಪ್ರಶ್ನೆ ಬಂದಿದ್ದು ನೋಡಿ ಆಶ್ಚರ್ಯ ಆಯ್ತು. ಕ್ಲಾರಿನೆಟ್ ಮೇಲೆ ಹಿಂದೂಸ್ತಾನಿ ರಾಗ ನುಡಿಸಿ ದೊಡ್ಡ ಹೆಸರು ಮಾಡಿದ ಪಂಡಿತ್ ನರಸಿಂಹಲು ವಡವಾಟಿ ನಿಮ್ಮ ಜಿಲ್ಲೆಯವರೇ. ನಿಮ್ಮ ಜಿಲ್ಲೆಯ ಇನ್ನೊಬ್ಬ ದೊಡ್ಡವರು, ಸಿದ್ಧರಾಮ ಜಂಬಲದಿನ್ನಿ, ಅವರಿಗೆ ಗುರು. ಮನೆಯ ಹಿರಿಯರನ್ನು ಕೂರಿಸಿ ವಡವಾಟಿಯವರ ಒಂದು ರಾಗ ಪೂರ್ತಿ ಕೇಳಿಸಿ. ಆಮೇಲೆ ಮಾತಾಡೋಣ.

ನಾನು ಜೀವಮಾನವೆಲ್ಲ ಬಾರಿಸಿದ ಪೇಟಿಯೂ ಯುರೋಪಿನಿಂದಲೇ ಬಂದದ್ದು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಪ್ರವೇಶವೇ ಇರಲಿಲ್ಲ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಬರಲ್ಲ, ಶ್ರುತಿ ಹೊಂದಲ್ಲ ಅಂತ ಕಾರಣ. ಅದೇ ಪೇಟಿ ಇವತ್ತು ಭಜನೆಯಲ್ಲಿದೆ, ಬಯಲಾಟದಲ್ಲಿದೆ, ಖವ್ವಾಲಿಯಲ್ಲಿದೆ. ನಮ್ಮಪ್ಪ ನಾಟಕ ಕಂಪನಿಗಳಿಗೆ ಪೇಟಿ ಮಾಸ್ತರ. ಕನ್ನಡ ನಾಟಕಕ್ಕೂ ತೆಲುಗು ಪದ್ಯ ನಾಟಕಕ್ಕೂ ಅದೇ ಪೇಟಿ ಹೊತ್ತುಕೊಂಡು ಹೋಗ್ತಿದ್ದರು. ತೆಲುಗು ಪದ್ಯ ಎತ್ತುವ ನಟ ಎಲ್ಲಿ ಉಸಿರು ಎಳೀತಾನೆ ಅಂತ ಅವರ ಬಲಗೈಗೆ ಗೊತ್ತಿತ್ತು. ಸಣ್ಣವನಿದ್ದಾಗ ಪರದೆ ಪಕ್ಕ ಕೂತು ನಾನು ಆ ಬೆರಳುಗಳನ್ನೇ ನೋಡ್ತಿದ್ದೆ.

ಮಗನಿಗೆ ಒಂದೇ ಸೂಚನೆ. ದಾಸರ ಪದದಲ್ಲಿ ಸಾಹಿತ್ಯ ಮುಖ್ಯ. ಹಾಡುವಾಗ ಜೊತೆಗೇ ಊದಬೇಡ, ಪಲ್ಲವಿ ಮುಗಿದ ಮೇಲೆ ಊದು.

ಪ್ರಶ್ನೆ: ನಮ್ಮ ಆಲ್ಬಮ್‌ನಲ್ಲಿ ಒಂದು ಶರೀಫರ ಪದ, ನಮ್ಮೂರ ಹಿರಿಯರಿಂದ ಕಲಿತ ಒಂದು ಮೊಹರಂ ಪದ, ಮತ್ತು ಹಳೇ ಸಿನಿಮಾ ಹಾಡೊಂದರ ಪಲ್ಲವಿಯನ್ನು ತೆಲುಗಿಗೆ ತಿರುಗಿಸಿ ಬಳಸಿದ್ದೇವೆ. ಹಕ್ಕಿನ ತೊಂದರೆ ಆಗುತ್ತಾ? (ಮಾನ್ವಿ)

ಮೂರಕ್ಕೂ ಮೂರು ಬೇರೆ ಉತ್ತರ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷದವರೆಗೆ ಸಾಹಿತ್ಯಕ್ಕೆ ಹಕ್ಕು ಇರುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಪದ ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಕ್ಯಾಸೆಟ್‌ನಲ್ಲಿ ಕೇಳಿ ಕಲಿತ ಧಾಟಿ ಈಚಿನ ಸಂಗೀತಗಾರರೊಬ್ಬರು ಹಾಕಿದ್ದಾದರೆ ಆ ರಾಗಸಂಯೋಜನೆಗೆ ಬೇರೆ ಹಕ್ಕು ಇದೆ. ನಿಮ್ಮದೇ ಧಾಟಿ ಕಟ್ಟಿ, ಇಲ್ಲಾ ಅನುಮತಿ ಕೇಳಿ.

ಸಿನಿಮಾ ಪಲ್ಲವಿ ಬಿಟ್ಟುಬಿಡಿ. ಹಾಡನ್ನು ಇದ್ದ ಹಾಗೇ ಮತ್ತೆ ಹಾಡಿ ಧ್ವನಿಮುದ್ರಿಸೋದಕ್ಕೆ ಕಾನೂನಿನಲ್ಲಿ ಒಂದು ದಾರಿ ಇದೆ. ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ನೋಟಿಸ್ ಕೊಡಬೇಕು, ರಾಯಧನ ಮೊದಲೇ ಕಟ್ಟಬೇಕು. ಆದರೆ ಸಾಹಿತ್ಯ ಬದಲಿಸೋದು, ಭಾಷೆ ತಿರುಗಿಸೋದು ಅದರಲ್ಲಿ ಬರಲ್ಲ. ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು.

ಮೊಹರಂ ಪದಕ್ಕೆ ಕಾಗದದ ಮೇಲೆ ಮಾಲೀಕರು ಸಿಗದಿರಬಹುದು. ಆದರೆ ಕಲಿಸಿದ ಹಿರಿಯರಿದ್ದಾರೆ. ಅವರ ಹೆಸರು, ಊರ ಹೆಸರು ಆಲ್ಬಮ್ ಮೇಲೆ ಬರೆಯಿರಿ. ನಿಮಗೆ ಬರುವ ದುಡ್ಡಿನಲ್ಲಿ ಅವರಿಗೆ ಎಷ್ಟು ಪಾಲು ಅಂತ ಈಗಲೇ ಬರೆದು ಎರಡೂ ಕಡೆ ಸಹಿ ಹಾಕಿಕೊಳ್ಳಿ. ಹಾಗೆಯೇ ನಿಮ್ಮ ಬ್ಯಾಂಡಿನವರಲ್ಲಿ ಯಾವ ಹಾಡಿನ ಸಾಹಿತ್ಯ ಯಾರದು, ರಾಗ ಯಾರದು ಅಂತಲೂ ಒಂದು ಹಾಳೆಯಲ್ಲಿ ಬರೆದಿಡಿ. ಬಿಡುಗಡೆ ಆದ ಮೇಲೆ ಬರೆಯೋಣ ಅಂದುಕೊಂಡು ಒಳ್ಳೆಯ ಗೆಳೆಯರು ಮಾತು ಬಿಟ್ಟದ್ದನ್ನು ನನ್ನ ರೂಮಿನಲ್ಲೇ ಎರಡು ಸಲ ನೋಡಿದ್ದೇನೆ. ಸಾಹಿತ್ಯ, ಸಂಗೀತ ಬರೆದವರು ಐಪಿಆರ್‌ಎಸ್ ಎಂಬ ರಾಯಧನ ವಸೂಲಿ ಸಂಸ್ಥೆಗೆ ಸದಸ್ಯರಾದರೆ ಹಾಡು ಬಳಸಿದಲ್ಲಿ ಬರುವ ರಾಯಧನ ಆ ಸಂಸ್ಥೆಯ ಮೂಲಕ ಸೇರುತ್ತದೆ.

ಪ್ರಶ್ನೆ: ಹಲಗಿ ರೆಕಾರ್ಡ್ ಮಾಡಿದ್ರೆ ಡಬ್ಬ ಬಡಿದ ಹಾಗೆ ಕೇಳುತ್ತೆ. ಬಯಲಿನಲ್ಲಿ ಗುಡುಗಿದ ಹಾಗೆ ಇರುತ್ತಲ್ಲ, ಅದು ಬರ್ತಾ ಇಲ್ಲ. ಆಗಸ್ಟ್‌ನಲ್ಲಿ ರೆಕಾರ್ಡಿಂಗ್ ಮುಗಿಸಬೇಕು. (ಸಿರುಗುಪ್ಪ)

ಎರಡು ತಪ್ಪು ಆಗ್ತಿರಬೇಕು. ಮೈಕ್ ಬಹಳ ಹತ್ತಿರ ಇಟ್ಟಿದ್ದೀರಿ. ಹಲಗಿಯ ದನಿ ಚರ್ಮದಿಂದ ಹೊರಟು ಗಾಳಿಯಲ್ಲಿ ಸ್ವಲ್ಪ ದೂರ ನಡೆದ ಮೇಲೆ ತುಂಬುತ್ತದೆ. ಒಂದು ಮೈಕ್ ಮೂರು ಅಡಿ ದೂರ, ಇನ್ನೊಂದು ಹತ್ತು ಹನ್ನೆರಡು ಅಡಿ ದೂರ ಇಡಿ. ದಿಂಬು ಬಡಿದ ಸಣ್ಣ ಕೋಣೆ ಬೇಡ, ಛತ್ರದ ಖಾಲಿ ಹಾಲ್ ಆದರೆ ಒಳ್ಳೇದು.

ಎರಡನೆಯದು ಹವೆ. ಮಳೆಗಾಲದಲ್ಲಿ ಚರ್ಮ ತೇವ ಕುಡಿದು ಸಡಿಲ ಆಗುತ್ತದೆ. ಬಾರಿಸುವವರು ಬೆಂಕಿಗೆ ಕಾಯಿಸೋದು ಅದಕ್ಕೇ. ಕಾಯಿಸಿದ ಹಲಗಿಯನ್ನು ಬೆರಳ ತುದಿಯಿಂದ ತಟ್ಟಿ ನೋಡ್ತಾರೆ, ‘ಠಣ್’ ಅಂದ ಮೇಲೆಯೇ ಏಳ್ತಾರೆ. ಆ ಬಿಗಿ ಒಂದೆರಡು ಹಾಡಿನಷ್ಟು ಹೊತ್ತು ನಿಂತರೆ ಹೆಚ್ಚು. ಫ್ಯಾನ್, ಏಸಿ ಇದ್ದರೆ ಇನ್ನೂ ಬೇಗ ಇಳಿಯುತ್ತೆ. ಕೆಲವರು ಕೂದಲು ಒಣಗಿಸುವ ಯಂತ್ರ ಹಿಡೀತಾರೆ. ಅದು ಒಂದೇ ಕಡೆ ಕಾಯಿಸುತ್ತೆ, ಚರ್ಮ ಎಳೆದು ಬಿರಿಯುತ್ತೆ, ಬೇಡ. ಬಾರಿಸುವವರಿಗೆ ಅವರ ರೀತಿಯಲ್ಲೇ ಕಾಯಿಸಿಕೊಳ್ಳಲು ಹಾಲ್ ಹೊರಗೆ ಜಾಗ ಮಾಡಿಕೊಡಿ, ನಡುವೆ ನಡುವೆ ಎದ್ದು ಹೋಗಲು ಸಮಯ ಬಿಡಿ. ಎಲ್ಲರೂ ಸಿದ್ಧವಾಗಿ ಮೈಕ್ ಆನ್ ಆದ ಮೇಲೆ ಹಲಗಿ ಒಳಗೆ ಬರಲಿ.

ಒಣ ಹುಲ್ಲು, ಹಳೇ ಪೇಪರ್ ನೀವೇ ಮೂಟೆ ಕಟ್ಟಿಕೊಂಡು ಬನ್ನಿ. ಆಗಸ್ಟ್‌ನಲ್ಲಿ ಪೇಟೆಯೊಳಗೆ ಒಣಗಿದ ಹುಲ್ಲು ಹುಡುಕಿದರೂ ಸಿಗಲ್ಲ.